ನಾಲ್ಕು ಮೀಟರಿನ ಗಾಡಿ: ಜೀಪಿನಿಂದ ನಮ್ಮ ಮನೆ ಮುಂದಿನ ಹಳೇ ಎಸ್‌ಯುವಿವರೆಗೆ

ಪಾರ್ಟ್ 1/9

ಫ್ರೆಂಡ್ಸ್, ಈ ಸಲದ ಇತಿಹಾಸ ಸರಣಿ ರಾಜರ ಬಗ್ಗೆ ಅಲ್ಲ, ಕೋಟೆ ಬಗ್ಗೆನೂ ಅಲ್ಲ. ನಿಮ್ಮ ಮನೆ ಮುಂದೆ ನಿಂತಿರೋ ಹತ್ತು-ಹನ್ನೆರಡು ವರ್ಷದ ಹಳೇ ಕಾಂಪ್ಯಾಕ್ಟ್ ಎಸ್‌ಯುವಿ ಬಗ್ಗೆ.

ನಮ್ಮ ಕಡೆ ಆ ಗಾಡಿಗೆ ಎರಡು ಡ್ಯೂಟಿ. ಬೆಳಿಗ್ಗೆ ದಾವಣಗೆರೆಗೆ ಹೋಗಿ ಬರಬೇಕು: ಕಾಲೇಜು, ಬ್ಯಾಂಕು, ಆಸ್ಪತ್ರೆ, ಮಾರ್ಕೆಟ್ಟು. ಸಂಜೆ ಅದೇ ಗಾಡಿ ಚನ್ನಗಿರಿ ಕಡೆಯವರಿಗಾದ್ರೆ ಅಡಿಕೆ ತೋಟದ ಹಾದಿ ಇಳಿಬೇಕು, ಹೊನ್ನಾಳಿಯವರಿಗೆ ಭದ್ರಾ ಚಾನಲ್ ಏರಿ ಮೇಲೆ ಗದ್ದೆಗೆ ಹೋಗಬೇಕು, ನ್ಯಾಮತಿಯವರಿಗೆ ಗುಡ್ಡದ ಬುಡದ ಕಲ್ಲು ಹಾದಿ ಹತ್ತಬೇಕು, ಜಗಳೂರಿನವರಿಗೆ ಮೆಕ್ಕೆಜೋಳದ ಹೊಲದ ಬದುವಿನ ತನಕ ಮುಟ್ಟಬೇಕು. ಮನೆಗೊಂದೇ ಗಾಡಿ. ಎರಡನೇದು ತಗೊಳ್ಳೋಕೆ ದುಡ್ಡೆಲ್ಲಿ?

ಹಾಗಾಗಿ ಎಲ್ಲರ ತಲೆಯಲ್ಲೂ ಒಂದೇ ಐಡಿಯಾ: "ಇರೋ ಗಾಡಿನೇ ಮಾಡಿಫೈ ಮಾಡಿಸಿಬಿಡೋಣ. ಸ್ವಲ್ಪ ಎತ್ತರ ಮಾಡಿ, ದಪ್ಪ ಟೈರ್ ಹಾಕಿ, ಮುಂದೆ ಒಂದು ಕಬ್ಬಿಣದ ಗಾರ್ಡ್ ಕೂರಿಸಿದ್ರೆ ಜೀಪ್ ಆಯ್ತಲ್ಲ!"

ಆಗುತ್ತಾ? ಇದಕ್ಕೆ ಉತ್ತರ ಗ್ಯಾರೇಜಿಗಿಂತ ಮೊದಲು ಇತಿಹಾಸದಲ್ಲಿ ಸಿಗುತ್ತೆ. ಯಾಕಂದ್ರೆ ಜೀಪು ಹುಟ್ಟಿದ್ದು ಯುದ್ಧಭೂಮಿಗೋಸ್ಕರ. ಕಾಂಪ್ಯಾಕ್ಟ್ ಎಸ್‌ಯುವಿ ನಮ್ಮ ದೇಶದಲ್ಲಿ ಹುಟ್ಟಿದ್ದು ಒಂದು ಬಜೆಟ್ ಭಾಷಣದಿಂದ. ಎರಡೂ ನೋಡೋಕೆ ದೂರದ ಸಂಬಂಧಿಗಳ ಥರ ಕಾಣ್ತವೆ, ಆದ್ರೆ ರಕ್ತ ಬೇರೆ. ಈ ಮಾತು ನಂಬಿಕೆ ಬರ್ತಿಲ್ವಾ? ಮುಂದಿನ ಪೋಸ್ಟ್ ಓದಿ.

ಪಾರ್ಟ್ 2/9

1940. ಯುರೋಪಿನಲ್ಲಿ ಯುದ್ಧ ಶುರುವಾಗಿ ವರ್ಷ ಆಗ್ತಾ ಬಂದಿತ್ತು. ಅಮೆರಿಕದ ಸೇನೆಗೆ ಒಂದು ಚಿಕ್ಕ, ಹಗುರ, ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗೋ ಗಾಡಿ ಬೇಕಿತ್ತು. 135 ಕಂಪನಿಗಳಿಗೆ ಕೇಳಿತು. ಮೊದಲ ಮಾದರಿ ಕೊಡೋಕೆ ಕೊಟ್ಟ ಟೈಮು ಬರೀ 49 ದಿನ. ಆ ಗಡುವಿನೊಳಗೆ ಮಾದರಿ ತಂದು ನಿಲ್ಲಿಸಿದ್ದು ಬ್ಯಾಂಟಮ್ ಅನ್ನೋ ಸಣ್ಣ ಕಂಪನಿ. ಆದರೆ ಅಷ್ಟು ದೊಡ್ಡ ಆರ್ಡರ್ ಪೂರೈಸೋ ತಾಕತ್ತು ಅದಕ್ಕಿರಲಿಲ್ಲ. ಕೊನೆಗೆ ಲಕ್ಷಗಟ್ಟಲೆ ಗಾಡಿ ಮಾಡಿದ್ದು ವಿಲೀಸ್ ಮತ್ತು ಫೋರ್ಡ್.

ಆ ಗಾಡಿಯಲ್ಲಿ ಏನಿತ್ತು? ಏಣಿ ಥರದ ಗಟ್ಟಿ ಉಕ್ಕಿನ ಚಾಸಿ. ಮುಂದೆ ಹಿಂದೆ ಎರಡೂ ಕಡೆ ಬಲ ಕೊಡೋ ಆಕ್ಸಲ್. ಮಧ್ಯೆ ಟ್ರಾನ್ಸ್‌ಫರ್ ಕೇಸು. ಅದರಲ್ಲಿ ಒಂದು ಲೋ ರೇಂಜ್ ಗೇರು. ಈ ಲೋ ರೇಂಜ್ ಅಂದ್ರೆ ಏನು ಅಂತ ಟ್ರ್ಯಾಕ್ಟರ್ ಓಡಿಸಿದೋರಿಗೆ ಹೇಳೋದೇ ಬೇಡ: ವೇಗ ಕಡಿಮೆ, ಎಳೆಯೋ ಶಕ್ತಿ ಜಾಸ್ತಿ. ಗಾಡಿ ಆಮೆ ಥರ ಹೋಗುತ್ತೆ, ಆದ್ರೆ ನಿಲ್ಲಲ್ಲ.

ಯುದ್ಧ ಮುಗೀತು. ಕಂಪನಿ ಮುಂದೆ ಪ್ರಶ್ನೆ: ಇನ್ನು ಇದನ್ನ ಯಾರಿಗೆ ಮಾರೋದು? 1945ರಲ್ಲಿ ವಿಲೀಸ್ ಸಿಜೆ-2ಎ ಅನ್ನೋ ಮಾದರಿ ಬಿಟ್ಟಿತು. ಸಿಜೆ ಅಂದ್ರೆ ಸಿವಿಲಿಯನ್ ಜೀಪ್. ಗಿರಾಕಿ ಯಾರು ಗೊತ್ತಾ? ರೈತ. ಗೇರ್ ಅನುಪಾತ ಬದಲಾಯ್ತು, ಹಿಂದೆ ಬಾಗಿಲು ಬಂತು, ಎಂಜಿನ್ ಬಲದಿಂದ ಬೇರೆ ಯಂತ್ರ ತಿರುಗಿಸೋ ಪಿಟಿಒ ಆಯ್ಕೆ ಬಂತು. ಅಂದ್ರೆ ಹೊಲಕ್ಕೂ ಪೇಟೆಗೂ ಒಂದೇ ಗಾಡಿ ಅನ್ನೋ ಆಸೆ ನಮ್ಮ ತಾಲ್ಲೂಕಿನದ್ದಷ್ಟೇ ಅಲ್ಲ. ಅದಕ್ಕೆ ಈಗ 80 ವರ್ಷ.

ಇಲ್ಲಿ ಒಂದು ಪಾಯಿಂಟ್ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ. ಸೈನ್ಯದ ಗಾಡಿಯನ್ನ ರೈತನ ಗಾಡಿ ಮಾಡೋದು ಸುಲಭ ಆಯ್ತು. ಯಾಕಂದ್ರೆ ಗಟ್ಟಿ ಇರೋದನ್ನ ಮೆತ್ತಗೆ ಮಾಡೋದು ಸುಲಭ. ಮೆತ್ತಗಿರೋದನ್ನ ಗಟ್ಟಿ ಮಾಡೋ ಲೆಕ್ಕವೇ ಬೇರೆ.

ಪಾರ್ಟ್ 3/9

ಜೀಪು ಭಾರತಕ್ಕೆ ಬಂದ ಕಥೆ.

1945ರಲ್ಲಿ ಲೂಧಿಯಾನದಲ್ಲಿ ಒಂದು ಉಕ್ಕಿನ ವ್ಯಾಪಾರದ ಕಂಪನಿ ಶುರುವಾಯ್ತು. ಹೆಸರು ಮಹೀಂದ್ರ ಅಂಡ್ ಮೊಹಮ್ಮದ್. ಮಹೀಂದ್ರ ಅಣ್ಣತಮ್ಮಂದಿರ ಜೊತೆ ಪಾಲುದಾರ ಆಗಿದ್ದವರು ಮಲಿಕ್ ಗುಲಾಂ ಮೊಹಮ್ಮದ್. ದೇಶ ಇಬ್ಭಾಗ ಆದಾಗ ಅವರು ಆ ಕಡೆ ಹೋಗಿ ಪಾಕಿಸ್ತಾನದ ಮೊದಲ ಹಣಕಾಸು ಸಚಿವರಾದ್ರು. 1948ರಲ್ಲಿ ಕಂಪನಿಗೆ ಮಹೀಂದ್ರ ಅಂಡ್ ಮಹೀಂದ್ರ ಅಂತ ಹೆಸರು ಬಿತ್ತು. ಪಾರ್ಟ್‌ನರ್‌ಶಿಪ್ ಚಾಪ್ಟರ್ ಓದಿರೋ ಕಾಮರ್ಸ್ ಮಕ್ಕಳಿಗೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಾ? ಆಮೇಲೆ ಬಾಂಬೆಯಲ್ಲಿ ವಿಲೀಸ್ ಜೀಪಿನ ಬಿಡಿಭಾಗ ತರಿಸಿ ಜೋಡಿಸೋ ಕೆಲಸ ಶುರುವಾಯ್ತು.

1952ರ ಅಕ್ಟೋಬರ್ 2ಕ್ಕೆ ಸಮುದಾಯ ಅಭಿವೃದ್ಧಿ ಯೋಜನೆ ಬಂತು. ಬ್ಲಾಕ್ ಆಫೀಸು, ಬಿಡಿಒ, ಗ್ರಾಮಸೇವಕ ಅನ್ನೋ ಪದಗಳು ಹಳ್ಳಿಗೆ ಬಂದವು, ಜೊತೆಗೆ ಜೀಪೂ ಬಂತು. ನಮ್ಮ ಅಜ್ಜಂದಿರಿಗೆ "ಜೀಪ್ ಬಂತು" ಅಂದ್ರೆ ಸರ್ಕಾರ ಬಂತು ಅಂತಲೇ ಅರ್ಥ.

ನಮ್ಮಲ್ಲಿ ಬಹಳ ವರ್ಷ ಓಡಿದ್ದು ಸಿಜೆ-3ಬಿ. ಅದರ ಬಾನೆಟ್ ಎತ್ತರ. ಸ್ಟೈಲಿಗೆ ಅಂದ್ಕೋಬೇಡಿ. ಹೊಸ ಎಂಜಿನ್ ಹಳೇದಕ್ಕಿಂತ ಎತ್ತರ ಇತ್ತು, ಬಾನೆಟ್ ಒಳಗೆ ಹಿಡಿಸಲಿಲ್ಲ, ಬಾನೆಟ್ಟನ್ನೇ ಎತ್ತರಿಸಿದ್ರು ಅಷ್ಟೆ. ಕಂಪನಿಯೇ ಮಾಡಿದ ಮಾಡಿಫಿಕೇಶನ್ ಅದು.

ಆಮೇಲೆ ನಮ್ಮ ಜನರ ಸರದಿ. ಪೆಟ್ರೋಲ್ ದುಬಾರಿ ಆದಾಗ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸಿದ್ರು. ಮ್ಯಾಟಡೋರ್ ವ್ಯಾನಿನ ಎಂಜಿನ್ ಹಾಕಿದ ಜೀಪುಗಳ ಕಥೆ ದೊಡ್ಡವರ ಹತ್ರ ಕೇಳಿ, ಒಂದು ಗಂಟೆ ಹೇಳ್ತಾರೆ. ಹಿಂದೆ ಎದುರುಬದುರು ಬೆಂಚ್ ಸೀಟು, ಮೇಲೆ ಟಾರ್ಪಾಲ್, ಅದರ ಮೇಲೆ ಕ್ಯಾರಿಯರ್. ಎಷ್ಟು ಜನ ಹತ್ತಿದ್ರು ಅಂತ ಎಣಿಸೋ ಪದ್ಧತಿನೇ ಇರಲಿಲ್ಲ. ಇದೆಲ್ಲಾ ಫೋಟೋಗೋಸ್ಕರ ಅಲ್ಲ. ಹೊಟ್ಟೆಪಾಡಿಗೆ ಮಾಡಿದ ಮಾರ್ಪಾಡು.

ಗಮನಿಸಿ: ಇದೆಲ್ಲಾ ತಡೆದುಕೊಂಡಿದ್ದು ಕೆಳಗಿದ್ದ ಚಾಸಿ. ಮೇಲಿನ ಬಾಡಿ ಪೂರ್ತಿ ಬಿಚ್ಚಿ ಎಸೆದರೂ ಜೀಪು ಓಡುತ್ತೆ. ನಿಮ್ಮ ಮನೆ ಗಾಡಿ ಹಾಗೆ ಓಡುತ್ತಾ?

ಪಾರ್ಟ್ 4/9

1985ರ ಡಿಸೆಂಬರ್. ಮಾರುತಿ ಜಿಪ್ಸಿ ಬಂತು.

970 ಸಿಸಿ ಎಂಜಿನ್, ಸಾವಿರ ಕೆಜಿಗಿಂತ ಕಡಿಮೆ ತೂಕ, ಫೋರ್ ವೀಲ್ ಡ್ರೈವ್, ಲೋ ರೇಂಜ್, ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್ ಪ್ಲೇಟು. ಜೀಪಿನ ಪಕ್ಕ ನಿಲ್ಲಿಸಿದ್ರೆ ಮಗು ಥರ. ಆದರೆ ಹಗುರ ಇರೋದೇ ಅದರ ಬಲ. ಕೆಸರಿನಲ್ಲಿ ಭಾರದ ಗಾಡಿ ಹೂತ್ಕೊಳ್ಳೋ ಜಾಗದಲ್ಲಿ ಇದು ತೇಲ್ಕೊಂಡು ಹೋಗೋದು. ಸೇನೆ ತಗೊಂಡಿತು, ಪೊಲೀಸರು ತಗೊಂಡ್ರು, ರ‍್ಯಾಲಿಯವರು ತಗೊಂಡ್ರು, ಎಸ್ಟೇಟಿನವರು ತಗೊಂಡ್ರು.

ಜಿಪ್ಸಿಯ ಇತಿಹಾಸವೇ ಮಾರ್ಪಾಡಿನ ಇತಿಹಾಸ. ಮೊದಲಿನ ಗಾಡಿ ಕಿರಿದು, ಎತ್ತರ. ತಿರುವಿನಲ್ಲಿ ವಾಲುತ್ತೆ ಅನ್ನೋ ಭಯ. 1993ರಲ್ಲಿ ಕಂಪನಿಯೇ ಎಡ-ಬಲ ಚಕ್ರದ ನಡುವಿನ ಅಗಲವನ್ನ 90 ಮಿ.ಮೀ. ಹೆಚ್ಚಿಸಿತು. ಅದೇ ವೈಡ್ ಟ್ರ್ಯಾಕ್ ಜಿಪ್ಸಿ. ಬರೀ ಒಂಬತ್ತು ಸೆಂಟಿಮೀಟರ್! ಅಷ್ಟಕ್ಕೇ ಗಾಡಿಯ ಗುಣ ಬದಲಾಗುತ್ತೆ ಅಂದ್ರೆ, ನಾವು ಗ್ಯಾರೇಜಿನಲ್ಲಿ "ಸ್ವಲ್ಪ ಎತ್ತರ ಮಾಡಿ ಅಣ್ಣ" ಅಂತ ಹೇಳೋ ಮಾತು ಎಷ್ಟು ದೊಡ್ಡದು ಅಂತ ಯೋಚನೆ ಮಾಡಿ. 1996ಕ್ಕೆ 1.3 ಲೀಟರ್ ಎಂಜಿನ್ನಿನ ಜಿಪ್ಸಿ ಕಿಂಗ್ ಬಂತು.

ಆದ್ರೆ ದಿನನಿತ್ಯದ ಓಡಾಟಕ್ಕೆ? ಎಸಿ ಇಲ್ಲ, ಪವರ್ ಸ್ಟೀರಿಂಗ್ ಇಲ್ಲ, ಹಿಂದೆ ಬೆಂಚ್ ಸೀಟು, ಪ್ಲೇಟು ಸಸ್ಪೆನ್ಶನ್ನಿಗೆ ಸೊಂಟ ಹಿಡ್ಕೊಳ್ಳುತ್ತೆ. ಹಾಗಾಗಿ ಜಿಪ್ಸಿ ಮಾಲೀಕರು ಮಾಡಿಸಿದ ಮಾರ್ಪಾಡು ಉಲ್ಟಾ ದಿಕ್ಕಿನದು: ಕಾಡಿಗೆ ಹುಟ್ಟಿದ ಗಾಡಿಯನ್ನ ಊರಿಗೆ ಒಗ್ಗಿಸೋದು. ಪವರ್ ಸ್ಟೀರಿಂಗ್ ಕೂರಿಸು, ಎಸಿ ಹಾಕು, ಹಿಂದಿನ ಸೀಟು ಮುಂದಕ್ಕೆ ತಿರುಗಿಸು.

ಸುರಕ್ಷತೆ ಮತ್ತು ಹೊಗೆಯ ಹೊಸ ನಿಯಮ ಹತ್ತಿರ ಬಂದಾಗ, 2018-19ರ ಹೊತ್ತಿಗೆ ಜನಸಾಮಾನ್ಯರಿಗೆ ಜಿಪ್ಸಿ ಮಾರೋದು ನಿಂತಿತು.

ಒಂದು ತಮಾಷೆ ಗೊತ್ತಾ? ಜಿಪ್ಸಿಯ ಉದ್ದ 4,010 ಮಿ.ಮೀ. ಈ ಕೊನೆಯ ಹತ್ತು ಮಿಲಿಮೀಟರ್ ಯಾಕೆ ಮುಖ್ಯ ಅಂತ ಮುಂದಿನ ಪೋಸ್ಟಿನಲ್ಲಿ.

ಪಾರ್ಟ್ 5/9

ಬಿಕಾಂನವರೇ, ಇದು ನಮ್ಮ ಏರಿಯಾ.

2006ರ ಕೇಂದ್ರ ಬಜೆಟ್. ಹಣಕಾಸು ಸಚಿವ ಪಿ. ಚಿದಂಬರಂ ಚಿಕ್ಕ ಕಾರಿನ ಅಬಕಾರಿ ಸುಂಕವನ್ನ ಶೇ 24ರಿಂದ 16ಕ್ಕೆ ಇಳಿಸಿದ್ರು. ಚಿಕ್ಕ ಕಾರು ಅಂದ್ರೆ? ಉದ್ದ 4,000 ಮಿ.ಮೀ. ಮೀರಬಾರದು. ಎಂಜಿನ್ ಪೆಟ್ರೋಲ್ ಆದ್ರೆ 1,200 ಸಿಸಿ, ಡೀಸೆಲ್ ಆದ್ರೆ 1,500 ಸಿಸಿ ದಾಟಬಾರದು. ಅಷ್ಟೇ.

ಆ ಒಂದು ಸಾಲು ಭಾರತದ ರಸ್ತೆಯ ಚಿತ್ರವನ್ನೇ ಬದಲಾಯಿಸಿತು. ಕಂಪನಿಗಳು ಟೇಪ್ ಹಿಡ್ಕೊಂಡು ಕೂತವು. 2012ರಲ್ಲಿ ಮಹೀಂದ್ರ ಕ್ವಾಂಟೊ ಬಂತು. ಅದು ನಾಲ್ಕೂವರೆ ಮೀಟರಿನ ಝೈಲೊ ಗಾಡಿಯ ಬಾಲ ಕತ್ತರಿಸಿ 3,985 ಮಿ.ಮೀ.ಗೆ ಇಳಿಸಿದ್ದು, ಎಂಜಿನ್ 1,493 ಸಿಸಿ. 2013ರಲ್ಲಿ ಫೋರ್ಡ್ ಇಕೋಸ್ಪೋರ್ಟ್: 3,999 ಮಿ.ಮೀ. 2015ರಲ್ಲಿ ಟಿಯುವಿ 300, 2016ರಲ್ಲಿ ವಿಟಾರ ಬ್ರೆಝಾ: ಎರಡೂ 3,995. ನಮ್ಮ ಹಳ್ಳಿಗಳ ಬೊಲೆರೊ ಕೂಡ 2016ರಲ್ಲಿ ಪವರ್ ಪ್ಲಸ್ ಅಂತ ಬಂದಾಗ ನಾಲ್ಕು ಮೀಟರಿನೊಳಗೆ ಕುಗ್ಗಿತು, 2.5 ಲೀಟರ್ ಎಂಜಿನ್ 1.5ಕ್ಕೆ ಇಳೀತು.

2013ರ ಬಜೆಟ್ಟಿನಲ್ಲಿ ಇನ್ನೊಂದು ಟ್ವಿಸ್ಟ್. ಎಸ್‌ಯುವಿ ಸುಂಕ ಶೇ 27ರಿಂದ 30ಕ್ಕೆ ಏರಿತು. ಈ ಲೆಕ್ಕದಲ್ಲಿ ಎಸ್‌ಯುವಿ ಅಂದ್ರೆ ನಾಲ್ಕು ಮೀಟರಿಗಿಂತ ಉದ್ದ, 1,500 ಸಿಸಿಗಿಂತ ದೊಡ್ಡ ಎಂಜಿನ್, ಜೊತೆಗೆ ನೆಲದಿಂದ 170 ಮಿ.ಮೀ. ಎತ್ತರ. ಮೂರೂ ಇದ್ರೆ ಮಾತ್ರ. ಮಹೀಂದ್ರ ಏನು ಮಾಡಿತು? ಎಕ್ಸ್‌ಯುವಿ 500ರ ಗ್ರೌಂಡ್ ಕ್ಲಿಯರೆನ್ಸನ್ನ 200ರಿಂದ 160 ಮಿ.ಮೀ.ಗೆ ಇಳಿಸಿದ ಗಾಡಿ ತಂದಿತು. ಡಸ್ಟರ್ ಡೀಸೆಲ್ ಎಂಜಿನ್ 1,461 ಸಿಸಿ, ಹಾಗಾಗಿ 4.3 ಮೀಟರ್ ಉದ್ದ ಇದ್ರೂ ಎಸ್‌ಯುವಿ ತೆರಿಗೆಯಿಂದ ಪಾರು.

ನಾವು ಗಾಡಿ ಎತ್ತರಿಸೋಕೆ ದುಡ್ಡು ಕೊಡ್ತೀವಿ. ಕಂಪನಿ ತೆರಿಗೆ ಉಳಿಸೋಕೆ ಗಾಡಿ ಇಳಿಸಿತು!

2017ಕ್ಕೆ ಜಿಎಸ್‌ಟಿ ಬಂದಾಗಲೂ ಇದೇ ಅಳತೆ ಉಳೀತು. 2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಕಾರಿಗೆ ಶೇ 18, ಉಳಿದ ಪೆಟ್ರೋಲ್-ಡೀಸೆಲ್ ಕಾರಿಗೆ ಶೇ 40. ಗೆರೆ ಮಾತ್ರ ಅದೇ, ನಾಲ್ಕು ಮೀಟರ್.

ಪಾರ್ಟ್ 6/9

ಈಗ ಹಳೇ ಪೋಸ್ಟಿನ ಪಾಯಿಂಟಿಗೆ ವಾಪಸ್ ಬರೋಣ: ಗಟ್ಟಿ ಇರೋದನ್ನ ಮೆತ್ತಗೆ ಮಾಡೋದು ಸುಲಭ.

ತೆರಿಗೆ ಉಳಿಸಿ, ಬೆಲೆ ಇಳಿಸಿ, ನಾಲ್ಕು ಮೀಟರಿನೊಳಗೆ ಐದು ಜನರನ್ನ ಕೂರಿಸಬೇಕು ಅಂದ್ರೆ ಕಂಪನಿ ಎಲ್ಲಿ ಕತ್ತರಿ ಹಾಕುತ್ತೆ? ನಾವು ನೋಡದ ಜಾಗದಲ್ಲಿ, ಅಂದ್ರೆ ಕೆಳಗೆ.

ಇಕೋಸ್ಪೋರ್ಟ್, ಬ್ರೆಝಾ ಇವೆಲ್ಲಾ ಮಾನೊಕಾಕ್. ಬೇರೆ ಚಾಸಿ ಇಲ್ಲ, ಬಾಡಿನೇ ಚಾಸಿ. ಎಂಜಿನ್ ಬಲ ಮುಂದಿನ ಎರಡು ಚಕ್ರಕ್ಕೆ ಮಾತ್ರ. ಕ್ವಾಂಟೊ, ಟಿಯುವಿ 300ರಲ್ಲಿ ಏಣಿ ಚಾಸಿ ಇದೆ, ಆದ್ರೆ ಬಲ ಹಿಂದಿನ ಎರಡಕ್ಕೆ ಮಾತ್ರ. ಹಳೇ ಪೈಕಿ ಡಸ್ಟರ್ ಒಂದೇ 2014ರಲ್ಲಿ ನಾಲ್ಕೂ ಚಕ್ರದ ಮಾದರಿ ತಂದಿತು. ಅದರಲ್ಲೂ ಜಿಪ್ಸಿಯ ಲೋ ರೇಂಜ್ ಇಲ್ಲ.

ಡಿಫರೆನ್ಶಿಯಲ್ ಬಗ್ಗೆ ಒಂದೇ ಮಾತು. ಎಂಜಿನ್ ಬಲವನ್ನ ಎಡಕ್ಕೂ ಬಲಕ್ಕೂ ಹಂಚೋದು ಅದು. ರಸ್ತೆ ಮೇಲೆ ಸರಿ. ಆದ್ರೆ ಒಂದು ಚಕ್ರ ಕೆಸರಿನಲ್ಲಿದ್ರೆ, ಇಲ್ಲ ಗಾಳಿಯಲ್ಲಿ ಎದ್ದಿದ್ರೆ, ಆ ಚಕ್ರ ಸುಮ್ಮನೆ ಗಿರಗಿರ ತಿರುಗುತ್ತೆ. ಗಟ್ಟಿ ನೆಲದಲ್ಲಿರೋ ಇನ್ನೊಂದು ಅಲ್ಲಾಡೋದೇ ಇಲ್ಲ. ಮಳೆಗಾಲದಲ್ಲಿ ಗದ್ದೆ ಬದಿಯಲ್ಲಿ ಎಷ್ಟು ಆಕ್ಸಿಲರೇಟರ್ ತುಳಿದ್ರೂ ಗಾಡಿ ಇನ್ನಷ್ಟು ಹೂತ್ಕೊಳ್ಳೋದು ಇದಕ್ಕೇ.

ಇದಕ್ಕೆ ದಪ್ಪ ಟೈರು, ಲಿಫ್ಟ್ ಕಿಟ್ಟು ಪೂರ್ತಿ ಪರಿಹಾರ ಅಲ್ಲ. ಸ್ಪೇಸರ್ ಹಾಕಿ ಮುಂದೆ ಎತ್ತರಿಸಿದ್ರೆ ಚಕ್ರಕ್ಕೆ ಬಲ ಒಯ್ಯೋ ಡ್ರೈವ್ ಶಾಫ್ಟ್ ಓರೆಯಾಗುತ್ತೆ. ಅದರ ಜಾಯಿಂಟ್ ಮೇಲೆ ದಿನಾ ಒತ್ತಡ, ರಬ್ಬರ್ ಬೂಟು ಹರಿಯುತ್ತೆ, ಗ್ರೀಸ್ ಸೋರುತ್ತೆ, ತಿರುಗಿಸುವಾಗ ಕಟಕಟ ಸದ್ದು. ಜೊತೆಗೆ ಗಾಡಿಯ ಭಾರ ಮೇಲಕ್ಕೆ ಹೋಗುತ್ತೆ. ಹೊಲದಲ್ಲಿ ಹತ್ತು ನಿಮಿಷದ ಲಾಭ, ಹೈವೇ ತಿರುವಿನಲ್ಲಿ ಇಡೀ ವರ್ಷದ ಅಪಾಯ.

1993ರ ಜಿಪ್ಸಿ ನೆನಪಿದೆಯಾ? ಎತ್ತರದ ಗಾಡಿಯ ವಾಲಾಟಕ್ಕೆ ಕಂಪನಿ ಕಂಡ ಉತ್ತರ ಅಗಲ ಮಾಡೋದು. ನಾವು ಅಗಲ ಮಾಡದೆ ಬರೀ ಎತ್ತರ ಮಾಡ್ತೀವಿ.

ಪಾರ್ಟ್ 7/9

ಈಗ ಕಾನೂನಿನ ಇತಿಹಾಸ. ಸ್ಕಿಪ್ ಮಾಡ್ಬೇಡಿ, ದುಡ್ಡು ಹೋಗೋದು ಇಲ್ಲೇ.

ಮೋಟಾರು ವಾಹನ ಕಾಯ್ದೆ 1988ರದ್ದು. ಅದರ 52ನೇ ಸೆಕ್ಷನ್ ಗಾಡಿ ಮಾರ್ಪಾಡಿನ ಬಗ್ಗೆ. 2000ದ ತಿದ್ದುಪಡಿ ಅದನ್ನ ಬಿಗಿ ಮಾಡಿತು: ಕಂಪನಿ ಮೂಲತಃ ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿರೋ ವಿವರಕ್ಕೂ ವ್ಯತ್ಯಾಸ ಬರೋ ಹಾಗೆ ಮಾಲೀಕ ಗಾಡಿ ಬದಲಾಯಿಸಬಾರದು. ಒಪ್ಪಿಗೆ ಪಡೆದ ಸಿಎನ್‌ಜಿ-ಎಲ್‌ಪಿಜಿ ಕಿಟ್, ಅನುಮತಿ ತಗೊಂಡು ಎಂಜಿನ್ ಬದಲಾವಣೆ, ಅಂಗವಿಕಲರಿಗಾಗಿ ಮಾಡೋ ಬದಲಾವಣೆ ಇಂಥವಕ್ಕೆ ದಾರಿ ಇದೆ. ಮ್ಯಾಟಡೋರ್ ಎಂಜಿನ್ನಿನ ಜೀಪುಗಳ ಕಾಲ ಅಲ್ಲಿಗೆ ಮುಗೀತು ಅಂತಲೇ ಅಂದ್ಕೊಳ್ಳಿ.

2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಬುಲ್ ಬಾರ್, ಕ್ರ್ಯಾಶ್ ಗಾರ್ಡುಗಳ ಮೇಲೆ ಕ್ರಮ ತಗೊಳ್ಳಿ ಅಂತ ರಾಜ್ಯಗಳಿಗೆ ಹೇಳಿತು. ಕಾರಣ ಸರಳ. ಡಿಕ್ಕಿ ಆದಾಗ ಮುಂಭಾಗ ನಜ್ಜುಗುಜ್ಜಾಗಿ ಪೆಟ್ಟು ತಿನ್ನಬೇಕು. ಕಬ್ಬಿಣದ ಗಾರ್ಡ್ ಇದ್ರೆ ಆ ಪೆಟ್ಟು ನೇರ ಒಳಗಿರೋರಿಗೆ ಬರುತ್ತೆ. ನಡ್ಕೊಂಡು ಹೋಗೋರಿಗಂತೂ ಇನ್ನೂ ಕೆಟ್ಟದ್ದು.

2019ರ ಜನವರಿ 9. ಕೇರಳದಿಂದ ಬಂದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸೋ ಹಾಗಿಲ್ಲ. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಸೆಕ್ಷನ್ ಬಂತು. ಅನುಮತಿ ಇಲ್ಲದ ಮಾರ್ಪಾಡಿಗೆ ಆರು ತಿಂಗಳ ತನಕ ಜೈಲು, ಇಲ್ಲ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲ ಎರಡೂ. "ಪ್ರತಿ ಮಾರ್ಪಾಡಿಗೆ" ಅನ್ನೋದನ್ನ ಇನ್ನೊಂದ್ಸಲ ಓದಿ.

ಹಳೇ ಗಾಡಿಗೆ ಇನ್ನೊಂದು ಗೇಟ್ ಇದೆ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತೆ. ಆಮೇಲೆ ಐದೈದು ವರ್ಷಕ್ಕೆ ನವೀಕರಣ, ಪ್ರತಿ ಸಲ ತಪಾಸಣೆ. 2022ರ ಏಪ್ರಿಲ್ 1ರಿಂದ ಕಾರಿಗೆ ಶುಲ್ಕ 600ರಿಂದ 5,000 ಆಯ್ತು. 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಆಯ್ತು. ನೀವು 2013ರ ಗಾಡಿಗೆ ಈಗ ಮಾಡಿಸೋ ಕೆಲಸ 2028ಕ್ಕೆ ಇನ್‌ಸ್ಪೆಕ್ಟರ್ ಮುಂದೆ ನಿಲ್ಲುತ್ತೆ.

ಇನ್ಶೂರೆನ್ಸ್? ನಮ್ಮ ಕಡೆ ಒಬ್ಬರ ಗಾಡಿ ಅಪಘಾತ ಆಯ್ತು. ಸರ್ವೇಯರ್ ಬಂದು ಮೊದಲು ಫೋಟೋ ತೆಗೆದಿದ್ದು ಡಿಕ್ಕಿ ಆದ ಜಾಗದ್ದಲ್ಲ, ಪಾಲಿಸಿಯಲ್ಲಿ ಎಲ್ಲೂ ಹೇಳದ ಲಿಫ್ಟು ಮತ್ತು ಟೈರಿನದ್ದು. ತಿಂಗಳುಗಟ್ಟಲೆ ಓಡಾಡಿದ್ರು. ರಿಪೇರಿಗೆ ಕೊನೆಗೆ ಅಡಿಕೆ ಮಾರಿದ ದುಡ್ಡೇ ಹೋಯ್ತು.

ಪಾರ್ಟ್ 8/9

ಕ್ಯಾಲ್ಕುಲೇಟರ್ ತೆಗೀರಿ. ಕಾಸ್ಟ್ ಅಕೌಂಟಿಂಗ್ ಕ್ಲಾಸ್ ಇಲ್ಲಿ ಉಪಯೋಗಕ್ಕೆ ಬರುತ್ತೆ.

ಟೈರು: ಇಕೋಸ್ಪೋರ್ಟಿನ ಮೇಲಿನ ವೇರಿಯಂಟಿನ ಟೈರ್ 205/60 ಆರ್ 16. 205 ಅಂದ್ರೆ ಅಗಲ, ಮಿ.ಮೀ.ನಲ್ಲಿ. 60 ಅಂದ್ರೆ ಪಕ್ಕದ ಗೋಡೆಯ ಎತ್ತರ ಅಗಲದ ಶೇ 60. 16 ಅಂದ್ರೆ ರಿಮ್, ಇಂಚಿನಲ್ಲಿ. ಒಟ್ಟು ವ್ಯಾಸ ಸುಮಾರು 652 ಮಿ.ಮೀ. ಈಗ ಯಾರೋ "215/65 ಹಾಕಿಸು ಗುರು, ಲುಕ್ ಬರುತ್ತೆ" ಅಂತಾರೆ. ಅದರ ವ್ಯಾಸ ಸುಮಾರು 686. ವ್ಯತ್ಯಾಸ 34 ಮಿ.ಮೀ. ಆದ್ರೆ ನೆಲದಿಂದ ಸಿಗೋ ಎತ್ತರ ಅದರ ಅರ್ಧ ಮಾತ್ರ, ಸುಮಾರು 17 ಮಿ.ಮೀ. ಒಂದು ಬೆರಳಿನ ದಪ್ಪ!

ಅದಕ್ಕೆ ಕೊಡೋ ಬೆಲೆ? ಚಕ್ರ ಶೇ 5 ದೊಡ್ಡದಾಯ್ತು, ಹಾಗಾಗಿ ಮೀಟರ್ 60 ತೋರಿಸಿದಾಗ ಗಾಡಿ ಮೊದಲಿಗಿಂತ ಶೇ 5 ಜೋರಾಗಿ ಓಡ್ತಿರುತ್ತೆ. ಪಿಕಪ್ ಕಡಿಮೆ, ಬ್ರೇಕಿಗೆ ಹೆಚ್ಚು ಕೆಲಸ, ಸ್ಟೀರಿಂಗ್ ಪೂರ್ತಿ ತಿರುಗಿಸಿದ್ರೆ ಒಳಗೆ ಉಜ್ಜೋ ಸಾಧ್ಯತೆ.

ಡೀಸೆಲ್: ದಿನಕ್ಕೆ 80 ಕಿ.ಮೀ., ವರ್ಷಕ್ಕೆ 250 ದಿನ ಅಂತ ಇಟ್ಕೊಳ್ಳಿ. 20,000 ಕಿ.ಮೀ. ಲೀಟರಿಗೆ 15 ಕೊಡ್ತಿದ್ದ ಗಾಡಿ ದಪ್ಪ ಟೈರು, ಕಬ್ಬಿಣದ ಕ್ಯಾರಿಯರ್ ಹಾಕಿದ ಮೇಲೆ 13 ಕೊಟ್ರೆ, 1,333 ಲೀಟರ್ ಜಾಗದಲ್ಲಿ 1,538 ಲೀಟರ್ ಬೇಕು. 205 ಲೀಟರ್ ಹೆಚ್ಚು. ಲೀಟರಿಗೆ 90 ರೂಪಾಯಿ ಹಿಡಿದ್ರೂ ವರ್ಷಕ್ಕೆ 18,450. ಮಾರ್ಪಾಡಿನ ಬಿಲ್ ಒಂದು ಸಲದ್ದು, ಇದು ಪ್ರತಿ ವರ್ಷದ್ದು. ಫಿಕ್ಸೆಡ್ ಕಾಸ್ಟ್, ವೇರಿಯಬಲ್ ಕಾಸ್ಟ್ ವ್ಯತ್ಯಾಸ ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕ ಹೇಳುತ್ತೆ?

ಬೆಲೆ: ಇನ್ಶೂರೆನ್ಸಿನಲ್ಲಿ ಐದು ವರ್ಷ ಆಗೋ ಹೊತ್ತಿಗೆ ಗಾಡಿಯ ಐಡಿವಿ ಅರ್ಧಕ್ಕೆ ಇಳಿದಿರುತ್ತೆ. ಅಲ್ಲಿಂದಾಚೆ ಕಂಪನಿ-ಮಾಲೀಕರ ಒಪ್ಪಂದದ ಮೇಲೆ. ಹತ್ತು ವರ್ಷದ ಗಾಡಿಗೆ ಒಂದು ಲಕ್ಷ ಸುರಿದ್ರೆ ಗಾಡಿಯ ಬೆಲೆ ಒಂದು ಲಕ್ಷ ಏರಲ್ಲ. ಬ್ಯಾಲೆನ್ಸ್ ಶೀಟಿನಲ್ಲಿ ಅದು ಆಸ್ತಿ ಅಲ್ಲ, ಖರ್ಚು.

ಪಾರ್ಟ್ 9/9

ಹಾಗಾದ್ರೆ ಏನೂ ಮಾಡಬಾರದಾ? ಮಾಡಬೇಕು. ಎಂಟು ಪೋಸ್ಟಿನ ಇತಿಹಾಸದಿಂದ ಬರೋ ಲೆಕ್ಕ ಇದು: ಗಾಡಿ ಯಾವುದಕ್ಕೆ ಹುಟ್ಟಿದೆ ಅಂತ ತಿಳ್ಕೊಂಡು, ಆ ಮಿತಿಯೊಳಗೆ ಅದನ್ನ ಚೆನ್ನಾಗಿಡಿ.

ಮೊದಲು ಇರೋದನ್ನ ಸರಿ ಮಾಡಿ. ಹತ್ತು ವರ್ಷದ ಗಾಡಿಯ ಸ್ಪ್ರಿಂಗು ಕುಗ್ಗಿರುತ್ತೆ, ಶಾಕ್ ಅಬ್ಸಾರ್ಬರ್ ಸೋರ್ತಿರುತ್ತೆ, ಬುಷ್‌ಗಳು ಸವೆದಿರ್ತವೆ. ಕಂಪನಿ ಅಳತೆಯ ಹೊಸ ಸಾಮಾನು ಹಾಕಿಸಿದ್ರೆ ಕಳೆದುಹೋದ ಎತ್ತರ ಹೆಚ್ಚುಕಡಿಮೆ ವಾಪಸ್ ಬರುತ್ತೆ. ಆರ್‌ಸಿಗೂ ತೊಂದರೆ ಇಲ್ಲ.

ಎರಡು, ಟೈರ್ ಅದೇ ಅಳತೆಯದ್ದೇ ಇರಲಿ, ಗುಣ ಬದಲಾಯಿಸಿ. ರಸ್ತೆಗೂ ಮಣ್ಣಿಗೂ ಆಗೋ ಆಲ್ ಟೆರೈನ್ ಟೈರ್ ನಿಮ್ಮ ಅಳತೆಯಲ್ಲಿ ಸಿಕ್ರೆ ಹಾಕಿ. ಸ್ವಲ್ಪ ಸದ್ದು ಜಾಸ್ತಿ, ಮೈಲೇಜ್ ಸ್ವಲ್ಪ ಕಡಿಮೆ. ಎರೆ ಮಣ್ಣು ಹಸಿ ಇದ್ದಾಗ ಮಾತ್ರ ಯಾವ ಟೈರನ್ನೂ ನಂಬಬೇಡಿ. ಪಟ್ಟೆಯೊಳಗೆ ಅಂಟಿಕೊಂಡು ಟೈರನ್ನ ಬೋಳು ಮಾಡಿಬಿಡುತ್ತೆ.

ಮೂರು, ಒಂದು ಸಣ್ಣ ಏರ್ ಕಂಪ್ರೆಸರ್, ಗಾಳಿ ಅಳೆಯೋ ಗೇಜು, ಗಟ್ಟಿ ಎಳೆಯೋ ಬೆಲ್ಟು. ಮೆತ್ತನೆ ಮಣ್ಣಿನಲ್ಲಿ 32 ಇರೋ ಗಾಳಿಯನ್ನ 20ಕ್ಕೆ ಇಳಿಸಿ ನಿಧಾನಕ್ಕೆ ಹೋಗಿ. ಟೈರು ಅಗಲ ಕೂತು ಹಿಡಿತ ಸಿಗುತ್ತೆ. ಟಾರ್ ರಸ್ತೆ ಹತ್ತೋ ಮುಂಚೆ ತಪ್ಪದೆ ಮತ್ತೆ ತುಂಬಿಸಿ. ನನ್ನ ಪ್ರಕಾರ ದೊಡ್ಡ ಲಿಫ್ಟ್ ಕಿಟ್ಟಿಗಿಂತ ಇದು ಹೆಚ್ಚು ಕೆಲಸಕ್ಕೆ ಬರುತ್ತೆ.

ನಾಲ್ಕು, ಎಂಜಿನ್ ಕೆಳಗಿನ ಪ್ಲೇಟು ಗಟ್ಟಿ ಇದೆಯಾ ನೋಡಿ. ಕಲ್ಲು ಬಡಿದು ಆಯಿಲ್ ಸಂಪ್ ಒಡೆದ್ರೆ ಎಂಜಿನ್ನೇ ಹೋಗುತ್ತೆ. ಹಳ್ಳ ತುಂಬಿ ಹರೀತಿದ್ರೆ ಇಳಿಸಲೇಬೇಡಿ. ಗಾಳಿ ಎಳೆಯೋ ಪೈಪಿಗೆ ನೀರು ಹೋದ್ರೆ ಕನೆಕ್ಟಿಂಗ್ ರಾಡ್ ಬಾಗುತ್ತೆ. ಏನೇ ಹಾಕಿಸಿದ್ರೂ ಬಿಲ್ ಇಟ್ಕೊಳ್ಳಿ, ಇನ್ಶೂರೆನ್ಸಿನವರಿಗೆ ಬರೆದು ತಿಳಿಸಿ.

ಐದು, ಎಲ್ಲಿ ಓಡಿಸ್ತೀರಿ ಅನ್ನೋದೂ ಮುಖ್ಯ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕೊಂಡುಕುರಿಗಳ ವನ್ಯಧಾಮ. ಅನುಮತಿ ಇಲ್ಲದೆ ಗಾಡಿ ನುಗ್ಗಿಸಿದ್ರೆ ವನ್ಯಜೀವಿ ಕಾಯ್ದೆಯಡಿ ಕೇಸು. ಚಾನಲ್ ಏರಿ ಮೇಲೆ ರೀಲ್ಸಿಗೋಸ್ಕರ ಗಾಡಿ ಹಾರಿಸಬೇಡಿ. ಏರಿ ಒಡೆದ್ರೆ ಕೆಳಗಿನ ಗದ್ದೆಯವರ ಬೆಳೆ ಹೋಗುತ್ತೆ.

ನಿಮ್ಮ ಅಪ್ಪ, ಚಿಕ್ಕಪ್ಪ, ಮಾವ ಯಾರಾದ್ರೂ ಈ ತಿಂಗಳು ಗ್ಯಾರೇಜಿಗೆ ಗಾಡಿ ಬಿಡೋ ಪ್ಲಾನ್ ಮಾಡಿದ್ರೆ ಪಾರ್ಟ್ 7 ಮತ್ತು 8 ಅವರಿಗೆ ಕಳಿಸಿ. ನಿಮ್ಮೂರಲ್ಲಿ ಹಳೇ ಸಿಜೆ-3ಬಿ, ಇಲ್ಲ 1993ಕ್ಕಿಂತ ಮುಂಚಿನ ಕಿರಿದು ಜಿಪ್ಸಿ ಇನ್ನೂ ಓಡ್ತಿದ್ರೆ, ಮಾಲೀಕರನ್ನ ಕೇಳಿ ಒಂದು ಫೋಟೋ ತೆಗೆದು ಕಳಿಸಿ. ಅದರ ಬಾನೆಟ್ ಕೆಳಗೆ ಈಗ ಯಾವ ಎಂಜಿನ್ ಇದೆ ಅಂತಾನೂ ಬರೀರಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ತಾಲ್ಲೂಕಿನ ಗಾಡಿಗಳು ಸೇರಿದ್ರೆ ಮುಂದಿನ ಸರಣಿ ಅವುಗಳದ್ದೇ.

#ನಾಲ್ಕುಮೀಟರ್ #ಜೀಪಿನಕಥೆ #ಜಿಪ್ಸಿ #ಹಳೇಗಾಡಿ #ಚನ್ನಗಿರಿ #ಹೊನ್ನಾಳಿ #ನ್ಯಾಮತಿ #ಜಗಳೂರು #ಬಿಕಾಂಹುಡುಗರು